ಉಪವಾಸ ಬಿದ್ದ ಬ್ಯಾಕ್ಟೀರಿಯಾ

"ಮೇಡಂ, ಇದು ಓದಿದೋರಿಗೆ ಯಾರಿಗಾದ್ರೂ ಹೊಳಿತೈತ್ರಿ. ಪೇಟೆಂಟ್ ಸಿಗಂಗಿಲ್ಲ."

ಭವ್ಯಳಿಗೆ ಮೈಯೆಲ್ಲ ಉರಿದುಹೋಯಿತು. ಚಿತ್ತವಾಡ್ಗಿಯ ಈ ಪುಟ್ಟ ಲ್ಯಾಬಿನಲ್ಲಿ ಎರಡು ವರ್ಷ ಜೀವ ತೇದಿದ್ದಳು. ಗಣಿಯಿಂದ ಹರಿದುಬರುವ ಕೆಂಪು ನೀರಿಗೆ ಅವಳ ಬ್ಯಾಕ್ಟೀರಿಯಾ ಬಿಟ್ಟರೆ ಸಾಕು, ಅವು ಸೂಸುವ ಅಂಟಿಗೆ ಅದಿರಿನ ಧೂಳೆಲ್ಲ ಗಂಟುಕಟ್ಟಿ ತಳ ಸೇರುತ್ತಿತ್ತು. ಪೇಟೆಂಟಿಗೆ ಅರ್ಜಿ ಹಾಕಬಹುದೇ ಎಂದು ನೋಡಲು ಕಂಪನಿಯವರು ಈ ಪರಶುರಾಮನನ್ನು ಕರೆಸಿ ಒಂದು ವಾರವಾಗಿತ್ತು. ಅವನು ಬೇಡವೆಂದರೆ ಸೋಮವಾರವೇ ಲ್ಯಾಬಿಗೆ ಬೀಗ. ಅಂಥವನಿಗೆ ದೇವರು ಇಷ್ಟು ಚೆಂದದ ಕಣ್ಣು ಯಾಕಾದರೂ ಕೊಟ್ಟನೋ!

"ಅಷ್ಟು ಸಲೀಸಿದ್ರ ನೀವೇ ಮಾಡಬೇಕಿತ್ತಲ್ರಿ?"

ಅವನು ನಕ್ಕ. ಆ ನಗುವಿಗೆ ಅವಳ ಸಿಟ್ಟು ಅರ್ಧ ಇಳಿಯಿತು. ಇಳಿಯಿತಲ್ಲಾ ಎಂದು ಇನ್ನಷ್ಟು ಸಿಟ್ಟು ಬಂತು.

"ಬೆಲ್ಲದ ನೀರು ಹಾಕಿ ಬೆಳೆಸಿದ್ರ ಇವು ಅಂಟು ಬಿಡ್ತಾವ ಅಂತ ಹಳೇ ಪೇಪರ್‌ನಾಗೇ ಐತ್ರಿ. ಆದ್ರ ನಿಮ್ಮವು ಹತ್ತು ಪಟ್ಟು ಬಿಡ್ತಾವ. ಯಾಕ? ನೀವು ಏನೋ ಮುಚ್ಚಿಟ್ಟೀರಿ."

ಭವ್ಯ ತಲೆ ತಗ್ಗಿಸಿದಳು. "ನಗಬಾರ್ದು ಮತ್ತ."

"ಇಲ್ಲ, ಹೇಳ್ರಿ."

"ಗಣಿ ನೀರು ತರಾಕ ಸಂಡೂರಿಗೆ ಹೋದಾಗ ಅದಿರು ಲಾರಿ ಜಾಮ್ ಆಗಿ ಎರಡು ದಿನ ವಾಪಸ್ ಬರಾಕ ಆಗ್ಲಿಲ್ಲ. ಪಾಪ, ಇವಕ್ಕ ಊಟಾನೇ ಇಲ್ಲ. ಸತ್ತಿರ್ತಾವ ಅಂತ ಚೆಲ್ಲಾಕ ಹೋದ್ರ ಬಾಟ್ಲಿ ತುಂಬ ಅಂಟು! ಆಮ್ಯಾಲ ಬೇಕಂತನೇ ಉಪವಾಸ ಕೆಡವಿದೆ. ನಾಲ್ಕು ಸಲಾನೂ ಹಂಗೇ ಆತು. ನನ್ನ ತಪ್ಪಿನಿಂದ ಆತು ಅಂತ ಹೆಂಗ ಬರೀಲಿ?"

ಪರಶುರಾಮ ಎದ್ದ ರಭಸಕ್ಕೆ ಕುರ್ಚಿ ಉರುಳಿತು. "ಪುಸ್ತಕ ಎಲ್ಲ ಊಟ ಹಾಕ್ರಿ ಅಂತಾವ, ನೀವು ಊಟ ಬಿಡಿಸಿ ಗೆದ್ದೀರಲ್ರೀ! ಇದು ಯಾರಿಗೆ ಹೊಳಿತೈತಿ?"

ಅವಳ ಲ್ಯಾಬ್ ಬುಕ್ ಕಸಿದುಕೊಂಡು ನಾಲ್ಕೂ ಪ್ರಯೋಗಗಳನ್ನು ಎರಡೆರಡು ಸಲ ಓದಿದ. ಅರ್ಜಿ ಹಾಕಲೇಬೇಕು ಎಂದು ವರದಿ ಬರೆದು ಸಹಿ ಮಾಡಿದ. ಭವ್ಯ ಕುಣಿಯುವುದೊಂದೇ ಬಾಕಿ.

"ನನ್ನ ಮುಂದಿನ ಸಂಶೋಧನೆ ನೋಡಾಕೂ ನೀವೇ ಬರ್ರಿ."

"ಬರಂಗಿಲ್ಲ."

ಅವಳ ಮುಖ ಸಣ್ಣದಾಯಿತು. "ಯಾಕ್ರಿ?"

"ಸರಿ-ತಪ್ಪು ತೂಗೋನು ಯಾರ ಕಡೀಗೂ ವಾಲಬಾರ್ದು. ಸಹಿ ಹಾಕೋ ತನಕ ಹೆಂಗೋ ತಡಕೊಂಡೆ. ಇನ್ನ ನನ್ನ ಕೈಲಾಗಂಗಿಲ್ಲ, ಭವ್ಯಾ."

ಇಷ್ಟು ದಿನ ಮೇಡಂ ಎನ್ನುತ್ತಿದ್ದವನು! ವರದಿಯ ಸಹಿಗಿಂತ ಇದೇ ಅವಳಿಗೆ ಹೆಚ್ಚು ಖುಷಿ ಕೊಟ್ಟಿತು.

"ಹಂಗಾರ ಹೆಣ್ಣು ಕೇಳಾಕ ನಮ್ಮವ್ವನ ಹತ್ರ ಬರ್ರಿ," ಎಂದಳು. ಅವನು ಬಾಯಿ ತೆರೆಯುವ ಮೊದಲೇ ಸೇರಿಸಿದಳು, "ಜಲ್ದಿ ಬರ್ರಿ."