ನಾಲ್ಕನೇ ನುಡಿ

ಇಸ್ತ್ರಿ ಅಂಗಡಿಯಲ್ಲಿ ಮಾತಿಲ್ಲ. ಹುಡುಗಿ ಶರಟುಗಳಿಗೆ ನೀರು ಚಿಮುಕಿಸಿ, ಒಂದೊಂದನ್ನೇ ಸುರುಳಿ ಸುತ್ತಿ ಇಡುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಇಸ್ತ್ರಿಪೆಟ್ಟಿಗೆ ಅವಳ ಕೈಗೆ ಬಂದಿತ್ತು. ಮಡಿಸುವುದು ಮೊದಲಿನಿಂದಲೂ ಅಪ್ಪನ ಕೆಲಸ. ಅವರು ತಲೆ ಎತ್ತದೆ ಮಡಿಸುತ್ತಿದ್ದರು.

ಕೈ ಒರೆಸಿಕೊಂಡು ಮೇಜಿನ ಖಾನೆ ಎಳೆದಳು. ಕ್ಯಾಸೆಟ್ಟಿನ ಡಬ್ಬಿ ಎತ್ತಿದಳು. ಹಗುರ!

ಡಬ್ಬಿ ಖಾಲಿ.

ಅಮ್ಮನ ದನಿ ಉಳಿದಿದ್ದದ್ದು ಅದೊಂದರಲ್ಲೇ. ಇಸ್ತ್ರಿ ಮಾಡುತ್ತಾ ತಾನೇ ಕಟ್ಟಿಕೊಂಡಿದ್ದ ಹಾಡು. ದಿನವೂ ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡು ಹೋದ ಮೇಲೆ, ಅಂಗಡಿ ಮುಚ್ಚುವ ಮುಂಚೆ ಹುಡುಗಿ ಒಂದು ಸಲ ಹಾಕಿ ಕೇಳುತ್ತಿದ್ದಳು.

"ಅಪ್ಪ, ಕ್ಯಾಸೆಟ್ ನೋಡಿದ್ರಾ?"

ಅಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅದೇನೂ ಹೊಸದಲ್ಲ. ಅವರ ಮಾತು ಅಮ್ಮನ ಜೊತೆಗೇ ಹೋಗಿತ್ತು.

ಖಾನೆಗೆ ಬೀಗವಿಲ್ಲ. ಅಂಗಡಿಯೊಳಗೆ ಬಂದುಹೋಗುವ ಹೊರಗಿನವರು ಇಬ್ಬರೇ. ಒಬ್ಬಳು ಚಿಕ್ಕಮ್ಮ, ಅಮ್ಮನ ತಂಗಿ. ಇನ್ನೊಬ್ಬ ಪಕ್ಕದ ಅಂಗಡಿಯ ದರ್ಜಿ. ಅಳತೆ ಬರೆಯುವಾಗಲೂ ಪ್ರಾಸ ಹುಡುಕುವ ಅವನನ್ನು ಬೀದಿಯೆಲ್ಲ ಕವಿರಾಯ ಎಂದೇ ಕರೆಯುತ್ತಿತ್ತು.

"ನಾನ್ಯಾಕೆ ತಗೊಳ್ಳಲಿ?" ಕೇಳಿದ್ದಕ್ಕೆ ಚಿಕ್ಕಮ್ಮ ಸಿಡುಕಿದಳು. "ಅಕ್ಕ ಇದ್ದಾಗಲೇ ಆ ಹಾಡು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು!"

ಮೂರು ವಾರ ಕಳೆದ ಮೇಲೆ ಅದೇ ಚಿಕ್ಕಮ್ಮ ವಾರಪತ್ರಿಕೆ ಹಿಡಿದು ಓಡಿಬಂದಳು. "ನೋಡೇ! ಅಕ್ಕನ ಹಾಡಿಗೆ ಯಾರೋ ಕೋಟು ತೊಡಿಸಿ ಅಚ್ಚು ಹಾಕಿಸಿದ್ದಾರೆ! ಕಾಲರು, ತೋಳು, ಬೆನ್ನು, ಎಲ್ಲ ಅವಳವೇ!"

ಹುಡುಗಿ ಓದಿದಳು.

ಗುಂಡಿಗಳನ್ನು ಹಾಕಿದೆ, ಒಂದೊಂದಾಗಿ.
ಬೆನ್ನು ಮೇಲಾಗಿ ಮಲಗಿಸಿದೆ.
ತೋಳುಗಳನ್ನು ಬೆನ್ನ ಮೇಲೆ ತಂದಿಟ್ಟೆ.
ಕೊನೆಗೆ ಕಾಲರಿನ ತಲೆ ನೇವರಿಸಿದೆ.
ಹೊತ್ತು ಮುಳುಗುವ ಮುಂಚೆ ಹೆಸರು ಹಿಡಿದು ಕೂಗಿ ಎಂದಿದ್ದಳು.
ಕೂಗಲಿಲ್ಲ.

ಕೆಳಗೆ ಬರೆದವರ ಹೆಸರಿಲ್ಲ.

"ಇನ್ಯಾರು? ಆ ಕವಿರಾಯನೇ ಕಳ್ಳ!" ಎಂದಳು ಚಿಕ್ಕಮ್ಮ.

ಹುಡುಗಿ ದರ್ಜಿಯ ಹೊಸಿಲಲ್ಲಿ ನಿಂತಳು. "ಇದು ನೀವು ಬರೆದಿದ್ದಾ?"

"ನಾನಾ? ನಂದು ಅಚ್ಚಾಗಿದ್ರೆ ಬೀದಿಗೆಲ್ಲ ಡಂಗುರ ಹೊಡೀತಿರಲಿಲ್ವಾ? ಹೆಸರಿಲ್ಲದೆ ಬರೆಯೋಕೆ ನಂಗೇನು ತಲೆ ಕೆಟ್ಟಿದೆಯಾ?"

"ಅಮ್ಮನ ಹಾಡು ನಿಮಗೆ ಬರುತ್ತಲ್ಲ?"

"ಗೋಡೆ ಈಚೆ ಕೂತು ಹತ್ತು ವರ್ಷ ಕೇಳಿದೀನಿ. ಮೂರು ನುಡಿನೂ ಬಾಯಿಪಾಠ."

"ನಾಲ್ಕನೇದು?"

"ನಾಲ್ಕನೇದೂ ಇದೆಯಾ?"

ಇತ್ತು. ಕಾಯಿಲೆ ಬಿದ್ದ ಮೇಲೆ, ಅಂಗಡಿಯಲ್ಲಿ ಒಬ್ಬಳೇ ಇದ್ದಾಗ, ಅಮ್ಮ ಅದನ್ನು ಕ್ಯಾಸೆಟ್ಟಿನಲ್ಲಿ ಮಾತ್ರ ಹಾಡಿದ್ದಳು. "ಹೊತ್ತು ಮುಳುಗೋ ಮುಂಚೆ ಯಾರಾದ್ರೂ ನನ್ನ ಹೆಸರು ಹಿಡಿದು ಕೂಗಿ" ಎಂದು. ಕವಿತೆಯಲ್ಲಿ ಆ ಸಾಲಿದೆ. ಅಂದರೆ ಕವಿತೆ ಬರೆದವರ ಹತ್ತಿರವೇ ಕ್ಯಾಸೆಟ್ ಇದೆ. ದರ್ಜಿ ನಾಟಕ ಆಡುತ್ತಿದ್ದಾನೋ?

ಅಂಗಡಿಗೆ ಮರಳಿ ಕವಿತೆಯ ಪುಟ ತೆರೆದು ಪತ್ರಿಕೆಯನ್ನು ಗೋಡೆಗೆ ಒರಗಿಸಿಟ್ಟಳು. ಶರಟು ಹಾಸಿದಳು. ಅಮ್ಮನ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಂಡಳು.

ಕಾಲರೇ ಕಾಲರೇ ತಲೆ ಎತ್ತು—ಕೈ ಕಾಲರಿಗೆ ಹೋಯಿತು. ತೋಳೇ ತೋಳೇ ಚಾಚಿಕೋ—ತೋಳಿಗೆ ಹೋಯಿತು. ಬೆನ್ನೇ ಬೆನ್ನೇ ಮಲಗಿಕೋ.

ಕವಿತೆ ಹೇಳಿಕೊಂಡು ಇನ್ನೊಂದು ಶರಟು ಹಾಸಿದಳು. ಕೈ ತಡವರಿಸಿತು. ಗುಂಡಿ ಮೊದಲು, ಕಾಲರು ಕೊನೆಗೆ! ಹೀಗೆ ಯಾರಾದರೂ ಇಸ್ತ್ರಿ ಮಾಡುತ್ತಾರಾ? ದರ್ಜಿಯ ಕ್ರಮವೂ ಇದಲ್ಲ. ಎಲ್ಲ ಹೊಲಿದಾದ ಮೇಲೆ ಅವನು ಗುಂಡಿ ಹಚ್ಚುವುದು. ಹಾಗಾದರೆ ಗುಂಡಿಯಿಂದ ಶುರುಮಾಡುವವರು ಯಾರು?

ತಲೆ ಎತ್ತಿದಳು.

ಎದುರಿಗೆ ಅಪ್ಪ ಶರಟಿನ ಗುಂಡಿ ಹಾಕುತ್ತಿದ್ದರು. ಒಂದೊಂದಾಗಿ. ಮಗುಚಿದರು. ತೋಳುಗಳನ್ನು ಬೆನ್ನಿನ ಮೇಲೆ ತಂದರು. ಕೊನೆಗೆ ಕಾಲರು ನೇವರಿಸಿದರು.

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಅಮ್ಮನ ಹಾಡು ಇಸ್ತ್ರಿ ಮಾಡೋರದ್ದು, ಅಪ್ಪ. ಈ ಕವಿತೆ ಮಡಿಸೋರದ್ದು. ಇಷ್ಟು ಹೊತ್ತು ಪದಗಳನ್ನ ಹೋಲಿಸಿ ನೋಡ್ತಿದ್ದೆ, ಕೈಯನ್ನ ನೋಡ್ಲಿಲ್ಲ. ಕ್ಯಾಸೆಟ್ ತಗೊಂಡಿದ್ದು ನೀವು. ಬರೆದಿದ್ದೂ ನೀವೇ."

ಅಪ್ಪನ ಕೈ ನಿಂತಿತು. ದನಿ ಹೊರಟಿತು.

"ನೀನು ದಿನಾ ಹಾಕ್ತಿದ್ದೆ. ಆ ಕೊನೇ ನುಡಿ ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗ್ತಿದ್ದೆ. ತಡೀಲಾರದೆ ಬಚ್ಚಿಟ್ಟೆ. ಆಮೇಲೆ ಕೇಳದೇ ಇರೋಕೂ ಆಗ್ಲಿಲ್ಲ. ಬಾಯಲ್ಲಿ ಬರದೇ ಇದ್ದದ್ದನ್ನ ಬರೆದು ಪತ್ರಿಕೆಗೆ ಕಳಿಸಿದೆ."

"ಒಬ್ಬರೇ ಕೇಳ್ತಿದ್ರಾ?"

"ಹ್ಞೂಂ. ನೀನು ಬಟ್ಟೆ ಕೊಡೋಕೆ ಹೋದಾಗ."

ಇಷ್ಟು ದಿನ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಗೆ ಇಬ್ಬರೂ ನಿಂತಿದ್ದರು. ಹುಡುಗಿ ಮೇಜು ಸುತ್ತಿ ಬಂದು ಅಪ್ಪನ ಪಕ್ಕ ನಿಂತಳು.

"ಇವತ್ತು ಹಾಕಿ, ಅಪ್ಪ. ಇಬ್ಬರೂ ಕೇಳೋಣ."

ಅಪ್ಪ ಜೇಬಿನಿಂದ ಕ್ಯಾಸೆಟ್ ತೆಗೆದು ಅವಳ ಮುಂದಿಟ್ಟು, ಇನ್ನೊಂದು ಶರಟು ಎಳೆದುಕೊಂಡರು.