ವಾರಕ್ಕೊಂದು ಮೊಳ

ಬಸ್ ಸ್ಟಾಪ್ ತಪ್ಪಿಸಿಕೊಂಡು ಓಡುತ್ತಿತ್ತು!

ನಗಬೇಡಿ. ಬಸ್ ಅಲ್ಲ... ಬಸ್ ಸ್ಟಾಪ್. ದುಂಡನೆಯ ತಗಡಿನ ತಲೆ, ಕಬ್ಬಿಣದ ಮೈ, ಕಾಂಕ್ರೀಟಿನ ಪಾದ. ಒಂದು ಪುಟಾಣಿ ಬಿಳಿ ಟ್ರಕ್ಕಿನಲ್ಲಿ ಅಂಗಾತ ಮಲಗಿ ಇಳಿಜಾರಿನಲ್ಲಿ ಹೋಗುತ್ತಿತ್ತು. ಹಿಂದೆ ಬಾಡಿಗೆ ಸೈಕಲ್ಲಿನಲ್ಲಿ ನಾನು. ಬ್ರೇಕ್ ಅರಚುತ್ತಿತ್ತು. ನವೆಂಬರ್ ಚಳಿಗೆ ಮೂಗು ಎಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ.

ತಿರುವಿನಲ್ಲಿ ಟ್ರಕ್ಕಿನವನು ಇಂಡಿಕೇಟರ್ ಹಾಕಿದ.

ಕಳ್ಳನೂ ಇಂಡಿಕೇಟರ್ ಹಾಕುವ ದೇಶ ಈ ಜಪಾನ್!

'ನಿಲ್ಲಿ' ಎಂಬ ಬೋರ್ಡಿನ ಎದುರು ಟ್ರಕ್ ಪೂರ್ತಿ ನಿಂತಿತು. ನಾನೂ ನಿಂತೆ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ನನಗೆ "ಸುಮಿಮಾಸೆನ್" ಎಂದ. ಕ್ಷಮೆ ಕೇಳಿ ಆಯಿತಲ್ಲ, ಮತ್ತೆ ಓಡಿದ. ಮತ್ತೆ ಬೆನ್ನಟ್ಟಿದೆ.

ಕೊನೆಗೆ ಒಂದು ಕ್ಷೌರದಂಗಡಿಯ ಮುಂದೆ ಟ್ರಕ್ ರಿವರ್ಸ್ ಪಾರ್ಕ್ ಆಗತೊಡಗಿತು. ಮೊದಲ ಸಲ ಗೆರೆಗೆ ಸರಿಯಾಗಿ ಕೂರಲಿಲ್ಲ. ಎರಡನೆಯ ಸಲವೂ ಕೂರಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ರಮಾಕಾಂತ ಸರ್. ಇಚಿಕಾವಾದಲ್ಲಿ ಕೂತು ನನ್ನಂಥ ನಾಲ್ವರನ್ನು ಓಡಿಸುವ ಬಾಸ್.

"ವೇದಾ, ಎಲ್ಲಿದೀಯಮ್ಮಾ?"

"ಸ್ಟಾಪ್ ಹತ್ರಾನೇ ಸರ್."

"ಲೊಕೇಶನ್ ಸಿಕ್ತಾ?"

"ಇವಾಗ ಪಾರ್ಕ್ ಆಗ್ತಾ ಇದೆ ಸರ್."

"ಏನು?!"

"ಆಮೇಲೆ ಹೇಳ್ತೀನಿ."

"ಐದು ಗಂಟೆಗೆ ಪೋರ್ಟಲ್ ಕ್ಲೋಸ್ ಕಣಮ್ಮಾ! ಲೊಕೇಶನ್ ಇಲ್ದಿರೋ ಸ್ಟಾಪ್‌ನ ಸಿಸ್ಟಮ್ ಡ್ರಾಪ್ ಮಾಡುತ್ತೆ. ಡ್ರಾಪ್ ಆದ್ರೆ ಅಲ್ಲಿ ಬಸ್ಸೇ ನಿಲ್ಲಲ್ಲ. ಮುಗೀತು!"

ನನ್ನ ಹೆಸರು ವೇದವಲ್ಲಿ. ಊರು ಮೈಸೂರು. ಓಡಿಹೋದ ಡೇಟಾ ಹಿಡಿದು ತರುವುದು ಕಸುಬು. ದೇಶದ ಬಸ್ಸುಗಳೆಲ್ಲ ಒಂದೇ ನಮೂನೆಯಲ್ಲಿ ಮಾಹಿತಿ ಕೊಡಬೇಕೆಂದು ಹೊಸ ಸ್ಟ್ಯಾಂಡರ್ಡ್ ಬಂದಿದೆ. ಹಳೆಯ ಫೈಲಿಗೆ ಸ್ಟಾಪಿನ ಹೆಸರಿದ್ದರೆ ಸಾಕಿತ್ತು. ಹೊಸದಕ್ಕೆ ಪ್ರತಿ ಕಂಬವೂ ಭೂಮಿಯ ಮೇಲೆ ನಿಖರವಾಗಿ ಎಲ್ಲಿ ನಿಂತಿದೆ ಎಂಬುದು ಬೇಕು. ನಮ್ಮ ಬಾಸ್‌ಗೆ ಫೋಟೋ ಕೂಡ ಬೇಕು. ಮುನ್ನೂರ ಹನ್ನೊಂದು ಸ್ಟಾಪ್ ಮುಗಿಸಿದ್ದೆ. ಉಳಿದದ್ದು ಒಂದು, ನೋಮಿಯ ಬೆಟ್ಟದ ಬುಡದ ಹಳ್ಳಿಯಲ್ಲಿ. ಹೆಸರು 'ತೋಫುಯಾ ಮಾಎ'. ತೋಫುಯಾ ಅಂದರೆ ತೋಫು ಅಂಗಡಿ. ಮಾಎ ಅಂದರೆ ಮುಂದೆ.

ಮಧ್ಯಾಹ್ನ ಹೋಗಿ ನೋಡಿದರೆ ಹಳೆಯ ನಕ್ಷೆ ತೋರಿಸಿದ ಜಾಗದಲ್ಲಿ ಕಂಬವಿಲ್ಲ. ತೋಫು ಅಂಗಡಿಯೂ ಇಲ್ಲ. ಖಾಲಿ ಸೈಟು. ಪಕ್ಕದ ಕ್ಷೌರದಂಗಡಿಯ ಇವಾಓ-ಸಾನ್ ಎಂಬ ಎಪ್ಪತ್ತರ ಮುದುಕರನ್ನು ಕೇಳಿದೆ. ಕಿಟಕಿಯಾಚೆ ನೋಡಿದರು. ಬಾಯಿ ತೆರೆಯಿತು. ಮುಚ್ಚಲಿಲ್ಲ.

ದಿನಾ ನೋಡುತ್ತಿದ್ದರಂತೆ. ದಿನಾ ಕಂಬ ನಿನ್ನೆ ಇದ್ದಲ್ಲೇ ಇದ್ದಂತೆ ಕಾಣುತ್ತಿತ್ತಂತೆ!

ಕಂಬ ಸಿಕ್ಕಿದ್ದು ನೂರ ನಲವತ್ತು ಮೀಟರ್ ಮೇಲೆ, ಅದೇ ರಸ್ತೆಯಲ್ಲಿ, ಫುಮಿಎ-ಸಾನ್ ಎಂಬ ಅಜ್ಜಿಯ ಮನೆ ಬಾಗಿಲಲ್ಲಿ. ನಾನು ಜಿಪಿಎಸ್ ತೆಗೆಯುವಷ್ಟರಲ್ಲಿ ಇವಾಓ-ಸಾನ್ ಟ್ರಕ್ ತಂದರು, ಹಲಗೆ ಇಳಿಸಿದರು, ಕಂಬವನ್ನು ಉರುಳಿಸಿ ಹತ್ತಿಸಿಕೊಂಡು ಪರಾರಿಯಾದರು.

ಮೂರನೆಯ ಪ್ರಯತ್ನಕ್ಕೆ ಟ್ರಕ್ ಗೆರೆಯೊಳಗೆ ಕೂತಿತು. ಅವರ ಹಿಂದೆಯೇ ಅಂಗಡಿಗೆ ನುಗ್ಗಿದೆ.

"ಕಂಬ ಕೊಡಿ!"

"ಕೂತ್ಕೊಳ್ಳಿ. ಕುರ್ಚಿ ಮೇಲೆ ಕೂರದವರ ಜೊತೆ ನಾನು ಮಾತಾಡಲ್ಲ. ನಲವತ್ತೈದು ವರ್ಷದ ಪದ್ಧತಿ."

ಕೂತೆ. ತಪ್ಪು ಮಾಡಿದೆ! ಕುರ್ಚಿ ಹಿಂದಕ್ಕೆ ವಾಲಿತು. ಮುಖಕ್ಕೆ ನೊರೆ ಬಿತ್ತು. ಇಲ್ಲಿ ಹೆಂಗಸರ ಮುಖಕ್ಕೂ ರೇಜರ್ ಹಾಕುತ್ತಾರೆ. ಆ ರೇಜರ್ ಈಗ ನನ್ನ ಗಂಟಲಿನಿಂದ ಎರಡು ಬೆರಳು ದೂರದಲ್ಲಿತ್ತು.

"ಆರು ವರ್ಷ, ವೇದಾ-ಸಾನ್! ಬಸ್ಸಿಗೆ ಕಾಯೋರು ಚಳಿ ಅಂತ ಒಳಗೆ ಬರ್ತಿದ್ರು. ಕಾಯ್ತಾ ಕಾಯ್ತಾ ಕಟಿಂಗ್ ಮಾಡಿಸ್ಕೊಳ್ತಿದ್ರು. ಒಬ್ಬೊಬ್ರಾಗಿ ಬರೋದು ನಿಲ್ಲಿಸಿದ್ರು. ನಾನು ಊರೇ ಬೋಳಾಗ್ತಿದೆ ಅಂದ್ಕೊಂಡಿದ್ದೆ!"

"ರೇಜರ್ ಸ್ವಲ್ಪ..."

"ಅಲ್ಲಾಡಬೇಡಿ."

ಬಾಗಿಲು ದಡಾರನೆ ತೆರೆಯಿತು. ಫುಮಿಎ-ಸಾನ್! ಎಂಬತ್ತಮೂರು ವಯಸ್ಸು. ಕಾಲಿಗೆ ರಬ್ಬರ್ ಬೂಟು. ಕೈಯಲ್ಲಿ ತೋಫು ಕೊಯ್ಯುವ ಚೂರಿ... ಹೆಚ್ಚುಕಡಿಮೆ ಒಂದು ಮೊಳ ಉದ್ದ!

"ಕಂಬ ಕದ್ದೆಯೇನೋ, ಇವಾಓ?"

"ಕದ್ದಿದ್ದು ನೀವು, ಅಕ್ಕಾ!"

"ಕದ್ದಿಲ್ಲ. ನಡೆಸಿದೆ. ವಾರಕ್ಕೆ ಇಷ್ಟೇ ಇಷ್ಟು." ಅಜ್ಜಿ ಚೂರಿಯ ಉದ್ದ ತೋರಿಸಿದರು.

ವಾರಕ್ಕೊಂದು ಮೊಳ. ಆರು ವರ್ಷ. ನೂರ ನಲವತ್ತು ಮೀಟರ್... ಪಕ್ಕಾ!

"ಬಸ್ ಕಂಪನಿಗೆ ಅರ್ಜಿ ಹಾಕಬಹುದಿತ್ತಲ್ಲ, ಫುಮಿಎ-ಸಾನ್?" ಎಂದೆ, ತುಟಿ ಅಲ್ಲಾಡಿಸದೆ.

"ಹಾಕಿದ್ದೆ. ಹನ್ನೊಂದು ಮುದ್ರೆ ಬೇಕು ಅಂದ್ರು. ಕಂಬ ತಳ್ಳೋದೇ ಸುಲಭ. ನಮ್ಮ ಅಂಗಡಿ ಪಕ್ಕದ ಸೈಟಿನಿಂದ ಮೇಲೆ ನಮ್ಮ ಮನೆಗೆ ಬಂತು. ಕಂಬದ ಮೇಲೆ ಬರೆದಿರೋದು ತೋಫುಯಾ ಮಾಎ. ತೋಫು ಮೇಲೆ, ಕಂಬ ಕೆಳಗೆ! ಸುಳ್ಳು ಹೇಳೋ ಕಂಬ ಇಟ್ಕೊಂಡು ಏನ್ಮಾಡೋದು?"

ಆಮೇಲೆ ಅಜ್ಜಿಯ ಧ್ವನಿ ತಗ್ಗಿತು. ಗಂಡ ಪೇಟೆಯ ಆಸ್ಪತ್ರೆಯಲ್ಲಿದ್ದಾರೆ. ಮಂಗಳವಾರ, ಶುಕ್ರವಾರ ಇವರು ಬಸ್ಸಿನಲ್ಲಿ ತೋಫು ಒಯ್ಯುತ್ತಾರೆ. ಆಸ್ಪತ್ರೆಯ ತೋಫುವನ್ನು ಆ ಮನುಷ್ಯ ಒಮ್ಮೆ ನೋಡಿ, ಮುಖ ತಿರುಗಿಸಿದವರು ಮತ್ತೆ ತಿರುಗಿಲ್ಲ.

"ಇಳಿಜಾರು ಇಳಿಯೋದು ಪರವಾಗಿಲ್ಲ. ವಾಪಸ್ ಬಂದು ಹತ್ತೋವಾಗ ಮೊಣಕಾಲು ಕೈ ಕೊಡುತ್ತೆ."

ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಒಂದು ಕಡೆ ರೇಜರ್. ಒಂದು ಕಡೆ ಚೂರಿ. ಹದಿನೈದು ನಿಮಿಷದಲ್ಲಿ ಸ್ಟಾಪೇ ಮಾಯ. ಅಜ್ಜಿಯ ತೋಫು ಪೇಟೆ ಕಾಣುವುದಿಲ್ಲ!

ಇವಾಓ-ಸಾನ್ ಖಾಲಿ ಸೈಟಿನತ್ತ ರೇಜರ್ ಝಳಪಿಸಿದರು. "ಅಂಗಡಿ ಇದ್ದಿದ್ದು ಅಲ್ಲಿ! ಮಾಎ! ಮಾಎ ಅಲ್ಲಿತ್ತು!"

ಹೊಳೆಯಿತು.

ಮಾಎ! ಈ ಪದಕ್ಕೂ ನನಗೂ ಹಳೆಯ ದ್ವೇಷ. ಇದೇ ನೋಮಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಗೈಡ್ 'ಮಾಎ ನೊ ಮೀಟಿಂಗ್' ಎಂದರು. ಮುಂದಿನ ಮೀಟಿಂಗ್ ಎಂದುಕೊಂಡು ಕಾದೆ. ಅವರು ಹೇಳಿದ್ದು ಆಗಲೇ ಮುಗಿದುಹೋದದ್ದನ್ನು. ಜಾಗಕ್ಕಾದರೆ ಮಾಎ ಅಂದರೆ ಮುಂದೆ. ಕಾಲಕ್ಕಾದರೆ ಹಿಂದೆ. ನಮಗೆ ನಾಳೆ ಮುಂದಿದೆ. ಇವರಿಗೆ ನಿನ್ನೆ ಮುಂದಿದೆ!

"ಇಬ್ಬರೂ ಸರಿ!" ನೊರೆ ಒರೆಸಿಕೊಂಡು ಎದ್ದು ಕೂತೆ. "ಮೇಲೆ ತೋಫು ಅಂಗಡಿ ಮುಂದೆ ಇದೆ. ಇಲ್ಲಿ ತೋಫು ಅಂಗಡಿ ಹಿಂದೆ ಇತ್ತು. ಎರಡೂ ತೋಫುಯಾ ಮಾಎ! ಒಂದು ಸ್ಟಾಪಿಗೆ ಎರಡು ಕಂಬ ಇರಬಹುದು ಅಂತ ಸ್ಟ್ಯಾಂಡರ್ಡೇ ಹೇಳುತ್ತೆ. ಪೇಟೆಗೆ ಹೋಗೋ ಬಸ್ಸು ಇಲ್ಲಿ ನಿಲ್ಲಲಿ. ವಾಪಸ್ ಬರೋದು ಫುಮಿಎ-ಸಾನ್ ಬಾಗಿಲಲ್ಲಿ."

ಚೂರಿ ಇಳಿಯಿತು. ರೇಜರ್ ಇಳಿಯಲಿಲ್ಲ.

"ಕಂಬ ಒಂದೇ ಇದೆ," ಎಂದರು ಇವಾಓ-ಸಾನ್.

ಬಾಗಿಲಾಚೆ ನೋಡಿದೆ. ಗೋಡೆಗೆ ಬೋಲ್ಟ್ ಹಾಕಿದ್ದ ಕ್ಷೌರದಂಗಡಿಯ ಗುರುತಿನ ದೀಪದ ಕಂಬ, ಕೆಂಪು ಬಿಳಿ ನೀಲಿ ಪಟ್ಟೆ ಹೊತ್ತು ತನ್ನ ಪಾಡಿಗೆ ತಿರುಗುತ್ತಿತ್ತು. ಯಾವ ಅಜ್ಜಿಯೂ ತಳ್ಳಲಾರದ ಕಂಬ!

"ಎರಡು," ಎಂದೆ.

ಟೈಮ್‌ಟೇಬಲ್‌ನ ಪ್ರಿಂಟ್ ಅದಕ್ಕೆ ಅಂಟಿಸಿದೆ. ಫೋಟೋ ಹೊಡೆದೆ. ಮೊದಲ ಕಂಬ ಟ್ರಕ್ಕಿನಲ್ಲೇ ಮಲಗಿ, ಇಂಡಿಕೇಟರ್ ಹಾಕಿಕೊಂಡು, ಅಜ್ಜಿಯ ಬಾಗಿಲಿಗೆ ಮರಳಿತು. ಮತ್ತೊಂದು ಫೋಟೋ. ನಾಲ್ಕು ಐವತ್ತೆಂಟಕ್ಕೆ ಅಪ್‌ಲೋಡ್.

ಎರರ್ ಸೊನ್ನೆ!

ತಕ್ಷಣ ಫೋನ್.

"ವೇದಾ! ಈ ಕಂಬ ಯಾಕಮ್ಮಾ ಪೆಪ್ಪರ್‌ಮೆಂಟ್ ಥರ ಇದೆ?"

"ಬಣ್ಣಕ್ಕೆ ಕಾಲಮ್ ಇಲ್ಲ ಸರ್."

"ತಿರುಗೋ ಥರ ಕಾಣ್ತಿದೆ..."

"ಅದಕ್ಕೂ ಇಲ್ಲ ಸರ್."

ಮುಂದಿನ ಶುಕ್ರವಾರ ಹೋಗಿ ನೋಡಿದೆ. ನಮ್ಮ ಮುಂದಿನ... ಇವರದಲ್ಲ. ತಿರುಗುವ ಕಂಬದ ಎದುರು ಬಸ್ ಬಂದು ನಿಂತಿತು. ಕ್ಷೌರದಂಗಡಿಯ ಒಳಗಿಂದ ಫುಮಿಎ-ಸಾನ್ ಹೊರಬಂದರು. ಕೈಯಲ್ಲಿ ತೋಫು ಡಬ್ಬಿ, ತಲೆಗೆ ಹೊಸ ಕಟಿಂಗ್. ಇವಾಓ-ಸಾನ್ ಬಸ್ಸು ಮರೆಯಾಗುವವರೆಗೂ ಬಗ್ಗಿ ನಮಸ್ಕರಿಸುತ್ತಿದ್ದರು.

ಅಭ್ಯಾಸಬಲ. ಮೇಲಿನ ಕಂಬವನ್ನೂ ನೋಡಿ ಬರೋಣ ಎಂದು ಹತ್ತಿದೆ.

ನೆಲದ ಮೇಲೆ ಕಾಂಕ್ರೀಟ್ ಎಳೆದ ಗೀರು. ಹೊಸದು. ಅಡುಗೆಮನೆಯ ಬಾಗಿಲ ಕಡೆಗೆ!

ಜಿಪಿಎಸ್ ತೆಗೆದೆ. ನೋಡಿದೆ. ವಾಪಸ್ ಜೇಬಿಗೆ ಹಾಕಿದೆ.

ಫೈಲಿನಲ್ಲಿ ಎಲ್ಲ ಸರಿಯಾಗಿತ್ತು... ಊರೇ ಒಂದು ಮೊಳ ತಪ್ಪಾಗಿತ್ತು!