ಬಂಡೆ ಮೇಲಿನ ಒಟಿಪಿ

ಆನೆ ನನ್ನಿಂದ ಎರಡು ಜೀಪು ದೂರದಲ್ಲಿತ್ತು.

ಒಟಿಪಿ ಇನ್ನೂ ಬಂದಿರಲಿಲ್ಲ.

ನಾನು ಜೀಪಿನ ಬಾನೆಟ್ ಮೇಲೆ ನಿಂತು, ಮೊಬೈಲನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದೆ. ಹೆಗ್ಗದ್ದೆಯಲ್ಲಿ ಸಿಗ್ನಲ್ ಸಿಗುವುದು ಈ ಗುಡ್ಡದ ಬಂಡೆಯ ಪಕ್ಕದಲ್ಲಿ ಮಾತ್ರ. ಅದೂ ಕೈ ಎತ್ತಿದರೆ. ಶಾನುಭೋಗನಿಗೂ ಇದೇ ಬಂಡೆ ಬೇಕು... ಬೆನ್ನು ತಿಕ್ಕಿಕೊಳ್ಳಲು!

ಶಾನುಭೋಗ ಅಂದರೆ ಆನೆಯ ಹೆಸರು. ಯಾರ ಗದ್ದೆಯನ್ನೂ ಬಿಡದೆ ಅಳತೆ ಮಾಡಿ ಹೋಗುತ್ತಾನೆ ಅಂತ ಊರಿನವರು ಇಟ್ಟದ್ದು.

"ಬಾರೋ ಒಟಿಪಿ... ಬೇಗ ಬಾರೋ..." ಅಂದೆ, ಮೆಲ್ಲಗೆ.

ಶಾನುಭೋಗ ಕಿವಿ ಅಗಲಿಸಿದ.

ಇರಿ. ಬುದ್ಧಿ ನೆಟ್ಟಗಿರುವ ಹೆಂಗಸು ಒಟಿಪಿಗೋಸ್ಕರ ಆನೆಯ ಮುಂದೆ ಯಾಕೆ ನಿಂತಳು ಅಂತ ಮೊದಲು ಹೇಳಿಬಿಡುತ್ತೇನೆ.

ನನ್ನ ಹೆಸರು ತನುಜಾ. ಹಾನುಬಾಳಿನ ಬಸ್ ಸ್ಟ್ಯಾಂಡ್ ಎದುರು ಡಿಶ್ ರಿಪೇರಿ ಅಂಗಡಿ. ಬೋರ್ಡಿನಲ್ಲಿ ಬರೆದಿರುವುದು ಅಷ್ಟೇ. ಬರೆಯದ ಕೆಲಸಗಳೂ ಇವೆ. ಮುಹೂರ್ತದ ಬೆಳಿಗ್ಗೆ ಓಡಿಹೋದ ಮದುಮಗನನ್ನು ಕುಂದೂರಿನಿಂದ ಎಳೆದು ತಂದವಳು ನಾನು. ಕದ್ದ ಪಂಪ್‌ಸೆಟ್ಟನ್ನು ಕದ್ದವನ ಹೆಗಲ ಮೇಲೇ ವಾಪಸ್ ಹೊರಿಸಿದವಳೂ ನಾನೇ. ನನಗೆ ಸಿಟ್ಟು ಜಾಸ್ತಿ. ಆದರೆ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟಿಲ್ಲ.

ಆ ಭಾನುವಾರ ಬೆಳಿಗ್ಗೆ ಗಂಗಾಮಣಿ ಬಂದಳು. ಹೆಗ್ಗದ್ದೆ ಎಸ್ಟೇಟಿನ ಕೂಲಿ ಲೈನಿನಲ್ಲಿರುವವಳು. ಕಾಫಿ ಹಣ್ಣು ಕುಯ್ಯುವ ಕೆಲಸ.

"ಇವತ್ತು ನನ್ ಮಗ ಪ್ರತಾಪ ಆಡ್ತವ್ನೆ ಕಣವ್ವ. ಕಬಡ್ಡಿ ಲೀಗ್‌ನಾಗೆ. ಮೊದ್ಲ ಏಳು ಜನದಾಗೆ ಹಾಕವ್ರಂತೆ!"

"ಒಳ್ಳೇದಾಯ್ತಲ್ಲ ಗಂಗಕ್ಕ. ಟಿವಿ ಹಾಕ್ಕಂಡು ನೋಡು."

"ಟಿವಿನಾಗೆ ಎಲ್ ಬರ್ತೈತೆ? ಅದೆಂಥದೋ ಆ್ಯಪಿಗೆ ಮಾರ್ಕಂಡವ್ರಂತಲ್ಲ!"

ನಿಜ. ಇಷ್ಟು ವರ್ಷ ಪುಕ್ಕಟೆ ಚಾನೆಲ್‌ನಲ್ಲಿ ಬರುತ್ತಿದ್ದ ಲೀಗನ್ನು ಈ ಸಲ ‘ಜಿಗಿ’ ಅನ್ನುವ ಆ್ಯಪಿಗೆ ಪೂರ್ತಿ ಬರೆದುಕೊಟ್ಟಿದ್ದರು. ಟಿವಿ ಚಾನೆಲ್‌ಗೆ ಬಾಗಿಲು ಬಂದ್!

"ಊರಾಗೆ ಅವ್ನು ಎಷ್ಟೊಂದು ಆಡವ್ನೆ. ಒಂದು ರೈಡೂ ನೋಡಿಲ್ಲ ನಾನು," ಅಂದಳು. "ಕಾಲು ಹಿಡ್ಕಂಡು ಎಳೀತಾರಲ್ಲ... ಮುಖ ತಿರುಗಿಸ್ಬುಡ್ತಿದ್ದೆ. ನೆನ್ನೆ ಫೋನ್ ಮಾಡ್ದ. 'ಅವ್ವ, ನಾಳೆ ಒಂದ್ ದಿನ ಮುಖ ತಿರುಗಿಸ್ಬ್ಯಾಡ ಕಣವ್ವ' ಅಂದ."

ನಾನೇ ಮುಖ ತಿರುಗಿಸಿ ಸ್ಪ್ಯಾನರ್ ಹುಡುಕಿದೆ.

"ತೋರಿಸ್ತೀನಿ. ನಡಿ."

ಹೇಳುವುದು ಸುಲಭ. ನಡುವೆ ಮೃತ್ಯುಂಜಯ ಇದ್ದ!

ಮೃತ್ಯುಂಜಯ ಹೆಗ್ಗದ್ದೆಯ ಕಬಡ್ಡಿ ಬಳಗದ ಅಧ್ಯಕ್ಷ. ಐವತ್ತು ದಾಟಿದರೂ ತೊಡೆ ತಟ್ಟಿದರೆ ಎರಡು ಬೀದಿಗೆ ಕೇಳುತ್ತದೆ. ಲೀಗ್ ಆ್ಯಪಿಗೆ ಹೋಯಿತು ಅಂತ ಸುದ್ದಿ ಬಂದ ದಿನ ಇಡೀ ಬಳಗವನ್ನು ಅಂಕಣಕ್ಕೆ ಕರೆಸಿದ. "ನೆಟ್‌ವರ್ಕೇ ಇಲ್ದಿರೋ ಊರಿಗೆ ಆ್ಯಪ್ ತೋರಿಸ್ತಾರೆ! ನಾವೇನ್ ಮನುಷ್ಯರಲ್ವ?" ಅಂತ ಗುಡುಗಿದ. ಪಕ್ಕದಲ್ಲಿದ್ದ ಸಂಜಯ್ ಅಂತೂ ಅತ್ತೇಬಿಟ್ಟ. "ಅವ್ರು ಹಾಕಿದ್ ಅಡ್ವರ್ಟೈಸ್‌ಮೆಂಟೆಲ್ಲ ನೋಡಿದ್ವಿ ಕಣ್ರೋ... ಅವ್ರು ಹೇಳಿದ್ ಬನೀನೇ ಹಾಕ್ಕಂಡಿದ್ವಿ!"

ಆಮೇಲೆ ಎಲ್ಲರೂ ಅಂಕಣದ ಮಣ್ಣು ಮುಟ್ಟಿ ಪ್ರಮಾಣ ಮಾಡಿದರು. ಆ್ಯಪಿನಲ್ಲಿ ಯಾರೂ ಮ್ಯಾಚ್ ನೋಡಬಾರದು. ಊರಲ್ಲಿ ಯಾರಿಗೂ ನೋಡಲು ಬಿಡಬಾರದು. ಅಂಕಣದ ಮಣ್ಣು ಮುಟ್ಟಿ ಹೇಳಿದ ಮಾತನ್ನು ಹೆಗ್ಗದ್ದೆಯಲ್ಲಿ ಇವತ್ತಿನ ತನಕ ಯಾರೂ ಮುರಿದಿಲ್ಲ.

ಅದಾದ ಮರುವಾರವೇ ಪ್ರತಾಪನ ಹೆಸರು ಲೀಗಿನ ತಂಡದಲ್ಲಿ ಬಂತು. ಪ್ರತಾಪನಿಗೆ ಕಬಡ್ಡಿ ಕಲಿಸಿದವನು ಯಾರು ಹೇಳಿ? ಇದೇ ಮೃತ್ಯುಂಜಯ!

ನಾನು ಅವನ ಮನೆಗೇ ಹೋದೆ.

"ನಿಮ್ ಹುಡುಗನೇ ಆಡ್ತವ್ನೆ ಅಣ್ಣ. ಒಂದಿನ ಬಿಟ್ಟುಕೊಡಿ."

"ಮಣ್ಣು ಮುಟ್ಟಿದೀನಿ ತನುಜಾ."

"ಅವನ ತಾಯಿ ನೋಡ್ಬೇಕಂತೆ."

"ನಂಗೇನ್ ನೋಡೋ ಆಸೆ ಇಲ್ವ?" ಧ್ವನಿ ಒಡೆಯಿತು. ಕೂಡಲೇ ಗಟ್ಟಿ ಮಾಡಿಕೊಂಡ. "ನಾನೇ ಮುರಿದ್ರೆ ನಾಳೆ ಹುಡುಗ್ರು ನನ್ ಮಾತು ಕೇಳ್ತವ? ಆ್ಯಪ್ ಗೀಪ್ ಅಂತ ಎಸ್ಟೇಟ್ ಕಡೆ ಬಂದ್ಯೋ, ಜೀಪಿನ ನಾಲ್ಕೂ ಚಕ್ರದ ಗಾಳಿ ತೆಗೆಸ್ತೀನಿ!"

ನನಗೆ ಬೆದರಿಕೆ ಹಾಕಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಅವರದು.

ಎಸ್ಟೇಟಿನ ಕಾಫಿ ಸ್ಟೋರ್‌ನಲ್ಲಿ ದೊಡ್ಡ ಟಿವಿ ಇದೆ, ಕೇಬಲ್ಲಿನಲ್ಲಿ ಬರುವ ಇಂಟರ್‌ನೆಟ್ಟೂ ಇದೆ. ಆಳುಗಳ ಹಾಜರಿ ಹಾಕುವ ರೈಟರ್ ರವಿಚಂದ್ರ ನನ್ನ ಕಡೆಯವನು. ಗಂಗಾಮಣಿಯನ್ನು ಟಿವಿ ಮುಂದೆ ಕೂರಿಸಿ ಆ್ಯಪ್ ಹಾಕಿದೆ. ಚಂದಾ ನನ್ನ ನಂಬರಿನಲ್ಲಿ ತೆಗೆದೆ. ಎಲ್ಲ ಸರಿಯಾಯಿತು ಅನ್ನುವಾಗ ಪರದೆ ಕೇಳಿತು... ನಿಮ್ಮ ಮೊಬೈಲಿಗೆ ಬಂದಿರುವ ನಾಲ್ಕು ಅಂಕಿ ಹಾಕಿ!

ಮೊಬೈಲಿಗೆ ಬರುವುದು ಗುಡ್ಡದ ಬಂಡೆಯ ಹತ್ತಿರ. ಟಿವಿ ಇರುವುದು ಗುಡ್ಡದ ಕೆಳಗೆ. ಬಂಡೆಯ ಹತ್ತಿರ ಮೆಸೇಜು ಬರುತ್ತದೆ, ಅಲ್ಲಿಂದ ಏನೂ ಹೋಗುವುದಿಲ್ಲ. ಯಾಕೆ ಅಂತ ಟವರಿನವರನ್ನೇ ಕೇಳಿ.

"ಹತ್ತು ನಿಮಿಷ ಮಾತ್ರ ಟೈಮ್ ಕೊಡ್ತೈತೆ ತನುಜಕ್ಕ," ಅಂದ ರವಿಚಂದ್ರ. "ನೀವು ಇಳ್ದು ಬರೋದ್ರೊಳಗೆ ಮುಗ್ದೋಗ್ತೈತೆ."

"ಹಾರನ್ ಹೊಡೀತೀನಿ. ಎರಡು ಬಂದ್ರೆ ಎರಡು ಸಲ. ಐದು ಬಂದ್ರೆ ಐದು ಸಲ. ನೀನು ಎಣಿಸ್ಕೊಂಡು ಒತ್ತು."

ಅವನು ಬಾಯಿ ಬಿಟ್ಟು ನೋಡಿದ. ನನಗೂ ನನ್ನ ಬುದ್ಧಿಯ ಮೇಲೆ ಹೆಮ್ಮೆ ಬಂತು... ಅದೇ ತಪ್ಪಾಯಿತು!

ಹೀಗೆ ನಾನು ಬಾನೆಟ್ ಮೇಲೆ. ಶಾನುಭೋಗ ಎದುರಿಗೆ.

ಟಿಣ್!

ಬಂತು! ಎರಡು, ನಾಲ್ಕು, ಒಂದು... ಒಂಬತ್ತು.

ಒಂಬತ್ತು! ಆನೆಯ ಮೂತಿಗೆ ಒಂಬತ್ತು ಸಲ ಹಾರನ್ ಹೊಡೆಯಬೇಕು. ಆ ಆ್ಯಪಿನವನ ಮನೆ ಹಾಳಾಗ!

ಬಾನೆಟ್‌ನಿಂದ ಜಾರಿ ಸೀಟಿಗೆ ಬಿದ್ದೆ. ಕಣ್ಣು ಮುಚ್ಚಿ ಒತ್ತಿದೆ.

ಪೋಂ... ಪೋಂ.

ಶಾನುಭೋಗ ಸೊಂಡಿಲು ಎತ್ತಿದ.

ಪೋಂ, ಪೋಂ, ಪೋಂ, ಪೋಂ.

ಒಂದು ಹೆಜ್ಜೆ ಮುಂದಿಟ್ಟ.

ಪೋಂ.

ಇನ್ನು ಕೊನೆಯ ಅಂಕಿ. ಬೆರಳು ಹಾರನ್ ಮೇಲೆ ಇಟ್ಟೆ. ಅಷ್ಟರಲ್ಲಿ ಕೆಳಗಿನಿಂದ ಗಂಟೆ ಶುರುವಾಯಿತು!

ಢಣ್ ಢಣ್ ಢಣ್ ಢಣ್...

ನಮ್ಮ ಕಡೆ ಗುಡ್ಡದ ದಾರಿಯಲ್ಲಿ ಆನೆ ಕಂಡ ಜೀಪಿನವರು ಮೇಲಿಂದ ಮೇಲೆ ಹಾರನ್ ಹೊಡೆಯುತ್ತಾರೆ. ಅದನ್ನು ಕೇಳಿ ಎಸ್ಟೇಟಿನ ವಾಚ್‌ಮನ್ ಕುಳ್ಳಯ್ಯ ಗಂಟೆ ಬಾರಿಸುತ್ತಾನೆ. ಗಂಟೆ ಕೇಳಿದವರೆಲ್ಲ ಕಾಫಿ ಸ್ಟೋರಿನೊಳಗೆ ಸೇರಿಕೊಳ್ಳಬೇಕು. ಕುಳ್ಳಯ್ಯ ಹೇಳುವ ತನಕ ಬಾಗಿಲು ತೆಗೆಯುವ ಹಾಗಿಲ್ಲ. ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವ ವಿಷಯ. ನಾನೂ ರವಿಚಂದ್ರನೂ ಅದನ್ನೇ ಮರೆತಿದ್ದೆವು!

ಈ ಗಂಟೆಯ ಸದ್ದಿನಲ್ಲಿ ನನ್ನ ಒಂಬತ್ತು ಯಾರಿಗೆ ಕೇಳಬೇಕು?

ಶಾನುಭೋಗನಿಗೂ ಗಂಟೆ ಹಿಡಿಸಲಿಲ್ಲ. ಘೀಳಿಟ್ಟು ನುಗ್ಗಿದ!

ಜೀಪು ತಿರುಗಿಸಿದೆ. ಗೇರ್ ಕಿರುಚಿತು, ನಾನೂ ಕಿರುಚಿದೆ. ಲಂಟಾನ ಪೊದೆ ಮುರಿದುಕೊಂಡು, ಚರಂಡಿ ಹಾರಿಸಿಕೊಂಡು ಇಳಿದೆ. ಕನ್ನಡಿಯಲ್ಲಿ ದಂತ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ.

ಎಸ್ಟೇಟ್ ಗೇಟು ಬಂತು. ಗಂಟೆಯೂ ನನ್ನದೇ ಆಟ ಅಂದುಕೊಂಡು, ಗೇಟಿಗೆ ಬೈಕು ಅಡ್ಡ ಇಟ್ಟು ನಿಂತಿದ್ದರು ಮೃತ್ಯುಂಜಯನ ಹುಡುಗರು. ಮುಂದೆ ಸಿದ್ದು, ಪಕ್ಕದಲ್ಲಿ ಸಂಜಯ್.

"ನಿಲ್ಸಿ ತನುಜಕ್ಕ! ಒಳಗ್ ಬಿಡಲ್ಲ!"

"ನನ್ ಹಿಂದೆ ನೋಡ್ರೋ!"

"ಎಂಥ ಬಂದ್ರೂ ಬಿಡ..."

ಸಿದ್ದು ಜೀಪಿನ ಹಿಂದೆ ನೋಡಿದ.

ಆ ಹುಡುಗರು ಅಷ್ಟು ಜೋರಾಗಿ ಓಡಿದ್ದನ್ನು ಅಂಕಣದಲ್ಲೂ ನೋಡಿಲ್ಲ ನಾನು. ಬೈಕು ಅಲ್ಲೇ, ಚಪ್ಪಲಿ ಅಲ್ಲೇ! ಜೀಪು ಬೈಕುಗಳನ್ನು ಸವರಿಕೊಂಡು ಒಳಗೆ ನುಗ್ಗಿತು. ಅಂಕಣದ ಕಡೆಯಿಂದ ಪಂಚೆ ಎತ್ತಿಕೊಂಡು ಓಡಿ ಬರುತ್ತಿದ್ದವನು ಮೃತ್ಯುಂಜಯ. ಎಲ್ಲರೂ ಒಟ್ಟಿಗೆ ಸ್ಟೋರ್ ಬಾಗಿಲಿಗೆ ಬಿದ್ದೆವು. ಕುಳ್ಳಯ್ಯ ದಢಾರನೆ ಅಗುಳಿ ಹಾಕಿದ.

"ಒಂಬತ್ತು!" ಅಂತ ಕೂಗಿದೆ. "ರವಿ, ಕೊನೇದು ಒಂಬತ್ತು!"

ಆನೆ ಅಟ್ಟಿಸಿದ ವೇಗಕ್ಕೆ ಹತ್ತು ನಿಮಿಷ ಇನ್ನೂ ಮುಗಿದಿರಲಿಲ್ಲ. ರವಿ ಒತ್ತಿದ. ಪರದೆ ಕಪ್ಪಾಯಿತು. ಒಂದು ಚಕ್ರ ತಿರುಗಿತು... ತಿರುಗಿತು...

ಮ್ಯಾಚ್ ಬಂತು!

ಒಳಗೆ ಕಾಫಿ ಮೂಟೆಗಳ ಮೇಲೆ ಇಡೀ ಬಳಗ. ಹೊರಗೆ ಶಾನುಭೋಗ ಸಿದ್ದುವಿನ ಬೈಕನ್ನು ನಿಧಾನವಾಗಿ ಮಗುಚಿ ಹಾಕುವ ಸದ್ದು.

"ಯಾರೂ ನೋಡ್ಬ್ಯಾಡ್ರಿ! ಗೋಡೆ ಕಡೆ ತಿರುಗ್ರೋ!" ಅಂತ ಅಬ್ಬರಿಸಿದ ಮೃತ್ಯುಂಜಯ. ತಾನೇ ಮೊದಲು ತಿರುಗಿದ. ಹುಡುಗರು ಒಬ್ಬೊಬ್ಬರಾಗಿ ತಿರುಗಿದರು. ನೋಡುತ್ತಾ ನಿಂತವಳು ಗಂಗಾಮಣಿ ಒಬ್ಬಳೇ.

ಪರದೆಯಲ್ಲಿ ಪ್ರತಾಪ ಮುಂದೆ ಬಂದ. ಬಗ್ಗಿ ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡ. ಮೊದಲ ರೈಡ್!

ಗಂಗಾಮಣಿಯ ಕತ್ತು ತಿರುಗಲು ಹೋಯಿತು. ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ತಿರುಗಲಿಲ್ಲ.

"ಏನಾಯ್ತು ಗಂಗಮ್ಮ?" ಗೋಡೆಗೆ ಕೇಳಿದ ಮೃತ್ಯುಂಜಯ.

"ಹೋದ... ಎಡಕ್ಕೆ ಹೋದ... ಒಬ್ಬನ್ನ ಮುಟ್ದ!"

"ಆಮೇಲೆ?"

"ಅಯ್ಯೋ, ಕಾಲು ಹಿಡ್ಕಂಬುಟ್ರು!"

"ಯಾವ್ ಕಾಲು? ಗಂಗಮ್ಮ, ಯಾವ್ ಕಾಲು!"

ಅವಳು ಪರದೆಯಿಂದ ಕಣ್ಣು ಕೀಳದೆ ನೋಡುತ್ತಿದ್ದಳು.

ಮೃತ್ಯುಂಜಯ ತಿರುಗಿಬಿಟ್ಟ!

"ಕೈ ಚಾಚೋ ಪ್ರತಾಪ! ಬೀಳು, ಉದ್ದಕ್ಕೆ ಬೀಳು! ಕೈಯಿ!"

ನಾಲ್ಕು ಜನ ಮೇಲೆ ಬಿದ್ದಿದ್ದರು. ಅವರ ಅಡಿಯಿಂದ ಒಂದು ಕೈ ಹೊರಗೆ ಬಂತು. ಎರಡು ಬೆರಳು ನಡುಗೆರೆ ಮುಟ್ಟಿದವು.

ಸ್ಟೋರಿನ ತಗಡು ಹಾರಿಹೋಗುವ ಹಾಗೆ ಕೂಗಿದರು. ಯಾರು ಯಾವಾಗ ತಿರುಗಿದ್ದರೋ! ಸಂಜಯ್ ಮತ್ತೆ ಅಳುತ್ತಿದ್ದ. ಗಂಗಾಮಣಿ ಮೂಟೆಯ ಮೇಲೆ ಕೂತು, "ನೋಡ್ದೆ ಕಣವ್ವ... ಪೂರ್ತಿ ನೋಡ್ದೆ," ಅಂದಳು. ನನಗೂ ಕಣ್ಣು ತುಂಬಿತು. ಕಾಫಿ ಧೂಳು ಅಂತ ಸುಳ್ಳು ಹೇಳುವುದಿಲ್ಲ.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೃತ್ಯುಂಜಯ ನಿಂತಿದ್ದ.

"ನೆನ್ನೆ ನೋಡಿದ್ದು ಲೆಕ್ಕಕ್ಕಿಲ್ಲ. ಆನೆ ಬಂದಿತ್ತು. ಬಾಗ್ಲು ತೆಗೆಯಂಗಿರ್ಲಿಲ್ಲ."

"ಹೌದಣ್ಣ. ಬಲವಂತಕ್ಕೆ ನೋಡಿದ್ದು."

"ಮಣ್ಣು ಮುಟ್ಟಿದ್ದು ಮುಟ್ಟಿದ್ದೇ. ನಾವಾಗೇ ಹೋಗಿ ನೋಡಲ್ಲ."

"ಖಂಡಿತ ಅಣ್ಣ."

ಅವನು ಹೋಗಲಿಲ್ಲ. ಆಚೆ ನೋಡಿದ, ಈಚೆ ನೋಡಿದ. ಹತ್ತಿರ ಬಂದ.

"ಬುಧವಾರ ಅವ್ನದು ಇನ್ನೊಂದ್ ಮ್ಯಾಚ್ ಐತಂತೆ..."

"ಐತೆ."

"ಆನೆ ಬರ್ತೈತಾ?"

ನಾನು ಜೀಪಿಗೆ ಕೈ ಹಾಕಿ ಹಾರನ್ ಒತ್ತಿ ನೋಡಿದೆ. ಚೆನ್ನಾಗಿತ್ತು.

"ಆರು ಗಂಟೆಗೆ ಸರಿಯಾಗಿ ಬರ್ತೈತೆ ಅಣ್ಣ. ಟಿವಿ ಮುಂದಿನ ಮೂಟೆ ಬೇಕಾದ್ರೆ ಐದೂವರೆಗೇ ಬಂದ್ಬುಡಿ."